ಟ್ರಾಲಿಯ ಹಿಮ್ಮುಖ ಸೀಟು

ದೋಹಾದ ಅಲ್ ಹಿಲಾಲ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಬಿಡುವಾಗ ಗೋಡೆ ಹೇಗಿತ್ತೋ ಹಾಗೇ ಇರಬೇಕು ಎನ್ನುವುದು ಮಾಲೀಕನ ಕರಾರು. ಹಾಗಾಗಿ ನಮ್ಮ ದೇವರು, ಗಡಿಯಾರ, ಕ್ಯಾಲೆಂಡರು ಎಲ್ಲ ಅಂಟಿನ ಕೊಕ್ಕೆಗಳ ಮೇಲೆ ನೇತಾಡುತ್ತವೆ. ಬೇಸಿಗೆಯಲ್ಲಿ ಏಸಿ ಕೈಕೊಟ್ಟ ದಿನ ಅಂಟು ಸಡಿಲವಾಗಿ ಏನಾದರೊಂದು ಧೊಪ್ಪನೆ ಬೀಳುತ್ತದೆ. ದೇವರು ಬಿದ್ದರೆ ನನ್ನ ಹೆಂಡತಿ ಒಂದು ತುಪ್ಪದ ದೀಪ ಹಚ್ಚಿ ಸಮಾಧಾನ ಮಾಡಿಕೊಳ್ಳುತ್ತಾಳೆ. ತಾತನ ಫೋಟೊ ಬಿದ್ದರೆ ಮಾತ್ರ ಮೈಸೂರಿನಲ್ಲಿರುವ ನನ್ನ ಸೋದರತ್ತೆಯ ಕಿವಿಗೆ ಬೀಳದಂತೆ ನೋಡಿಕೊಳ್ಳಬೇಕು. ಅತ್ತೆ ತಾತನ ಕೊನೆಯ ಮಗಳು. ಎಂಬತ್ತು ದಾಟಿ ಎಷ್ಟೋ ವರ್ಷವಾಗಿದ್ದರೂ ದನಿ ಖಣಿ ಖಣಿ. ನಮ್ಮ ವಂಶದ ಹೆಮ್ಮೆಯ ಉಸ್ತುವಾರಿ ಅವರದೇ.

ಆ ಫೋಟೊ ನಮ್ಮ ಬಂಧುಗಳ ಪ್ರತಿಯೊಂದು ಮನೆಯಲ್ಲೂ ಇದೆ. ಹಳಿಯ ಮೇಲೆ ನಿಂತ ಒಂದು ತಳ್ಳುವ ಟ್ರಾಲಿ: ನಾಲ್ಕು ಗಾಲಿ, ಮರದ ಹಲಗೆ, ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬೆಂಚು. ಬ್ರಿಟಿಷರ ಕಾಲದಲ್ಲಿ ರೈಲ್ವೆ ಇಂಜಿನಿಯರುಗಳು ಹಳಿ ತಪಾಸಣೆಗೆ ಹೋಗುತ್ತಿದ್ದದ್ದು ಇಂಥ ಟ್ರಾಲಿಯಲ್ಲಿ. ಫೋಟೊ ತೆಗೆದವನು ಟ್ರಾಲಿಯ ಹಿಂದೆ ನಿಂತಿದ್ದಾನೆ. ಹಾಗಾಗಿ ಮುಂದಿನ ಬೆಂಚಿನಲ್ಲಿ ಕುಳಿತ ದೊರೆಯ ಟೋಪಿ ಮತ್ತು ಬೆನ್ನು ಮಾತ್ರ ಕಾಣುತ್ತವೆ. ಅವನ ಪಕ್ಕದಲ್ಲಿ ಎರಡು ಕಿವಿ; ಅದು ದೊರೆಯ ನಾಯಿ. ಹಿಂದಿನ ಬೆಂಚಿನಲ್ಲಿ ನಮ್ಮ ಕಡೆ ಮುಖ ಮಾಡಿ ಕೂತಿರುವವರು ನನ್ನ ತಾತ. ಕ್ಲೋಸ್ ಕಾಲರ್ ಕೋಟು, ತಲೆಗೆ ರುಮಾಲು, ಬಲಗೈ ಕೋಟಿನ ಜೇಬಿನೊಳಗೆ. ಫೋಟೊದ ಅಂಚಿನಲ್ಲಿ ಟ್ರಾಲಿ ತಳ್ಳುವವನ ಒಂದು ಕೈ ಕಾಣುತ್ತದೆ. ಆ ಕೈ ಯಾರದೆಂದು ನಮ್ಮ ಮನೆಯಲ್ಲೂ ಯಾರೂ ಕೇಳಿದವರಿಲ್ಲ.

"ದೊರೆಗೆ ಬೆನ್ನು, ನಮ್ಮಪ್ಪನಿಗೆ ಮುಖ" ಎನ್ನುತ್ತಿದ್ದರು ಅತ್ತೆ. ಇಡೀ ಫೋಟೊದಲ್ಲಿ ಮುಖ ಇರುವುದು ತಾತನಿಗೊಬ್ಬರಿಗೇ, ಆ ಕಾಲದಲ್ಲಿ ದೊರೆಯ ಟ್ರಾಲಿಯಲ್ಲಿ ಸರಿಸಮ ಕೂತು ಫೋಟೊ ತೆಗೆಸಿಕೊಂಡ ಗಂಡಸು ಯಾವನಿದ್ದಾನೆ ತೋರಿಸಿ ಎಂದು ಅವರ ಸವಾಲು. ನಾಯಿ ಯಾಕೆ ಮುಂದೆ ಕೂತಿದೆ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಹಿಂದೆ ಕೂರ್ಸಿದ್ರೆ ಹಾರ್ಕೊಂಡ್ಬಿಡುತ್ತೆ ಕಣೋ, ಅಷ್ಟೂ ಗೊತ್ತಾಗಲ್ವಾ?" ಎಂದಿದ್ದರು. ನನಗೆ ಅದು ಸರಿಯಾಗಿಯೇ ಕಂಡಿತ್ತು.

ಜೇಬಿನೊಳಗಿನ ಕೈಯಲ್ಲಿ ನಿಂಬೆಹಣ್ಣಿದೆ ಎನ್ನುವುದು ಮನೆಯವರೆಲ್ಲ ಬಲ್ಲ ಸಂಗತಿ. ರೈಲ್ವೆ ಇಂಜಿನಿಯರಾಗಿದ್ದ ತಾತ ಲೈನಿನ ಮೇಲೆ ಹೋಗುವ ದಿನ ನಿಂಬೆಹಣ್ಣಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲವಂತೆ. ಒಮ್ಮೆ ಅಜ್ಜಿ ಕೊಡಲು ಮರೆತದ್ದಕ್ಕೆ ಅರ್ಧ ದಾರಿಯಿಂದ ಆಳನ್ನು ವಾಪಸು ಕಳಿಸಿದ್ದರಂತೆ. ಅಂಥ ಘಟ್ಟದ ಲೈನಿನಲ್ಲಿ ಅಷ್ಟು ವರ್ಷ ದುಡಿದರೂ ತಾತನ ಕೂದಲು ಕೊಂಕಲಿಲ್ಲ, ಅವರ ಕೈಯಲ್ಲಿದ್ದ ಒಂದು ಸೇತುವೆಯೂ ಕುಸಿಯಲಿಲ್ಲ. ಎಲ್ಲ ಆ ನಿಂಬೆಹಣ್ಣಿನ ಮಹಿಮೆ. ಹಾಗಾಗಿ ನಮ್ಮ ವಂಶದಲ್ಲಿ ಪರೀಕ್ಷೆಗೆ, ಸಂದರ್ಶನಕ್ಕೆ, ಹೆಣ್ಣು ನೋಡಲು, ಆಪರೇಷನ್ನಿಗೆ, ಎಲ್ಲದಕ್ಕೂ ತಾತನ ಫೋಟೊಗೆ ತೋರಿಸಿದ ನಿಂಬೆಹಣ್ಣು ಜೇಬಿಗೆ ಬೀಳುತ್ತದೆ. ನಾನು ಮೊದಲ ಸಲ ಕತಾರಿಗೆ ಬಂದು ಇಳಿದಾಗಲೂ ಪ್ಯಾಂಟಿನ ಜೇಬು ಉಬ್ಬಿಕೊಂಡಿತ್ತು.

ತಾತ ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಜಾಣ ವಿದ್ಯಾರ್ಥಿ, ಇಂಗ್ಲಿಷು ನೀರು ಕುಡಿದ ಹಾಗೆ. ರೈಲ್ವೆ ಕಂಪನಿ ಅವರನ್ನು ಅಸಿಸ್ಟೆಂಟ್ ಇಂಜಿನಿಯರ್ ಎಂದು ತೆಗೆದುಕೊಂಡು ಘಟ್ಟದ ಲೈನಿಗೆ ಹಾಕಿತು. ಸುರಂಗ, ಸೇತುವೆ, ಮಳೆಗಾಲದಲ್ಲಿ ಜರಿಯುವ ಗುಡ್ಡ. ಹುಬ್ಬಳ್ಳಿಯ ಕಡೆಯಿಂದ ಹತ್ತಿ ಬಂದ ರೈಲು ಆ ತಿರುವುಗಳಲ್ಲಿ ಇಳಿಯುವಾಗ ಹಳಿಯ ಮೇಲೆ ಬೀಳುವ ಭಾರ, ಬಿಸಿಲಿಗೆ ಹಳಿ ಹಿಗ್ಗುವ ಬಗೆ, ಯಾವ ಇಳಿಜಾರಿನ ಮಣ್ಣು ಎಷ್ಟು ನೀರಿಗೆ ಜಾರುತ್ತದೆ ಎಂಬುದು, ಇದನ್ನೆಲ್ಲ ಕಲಿಯಲು ಅವರಿಗೆ ಹಲವು ಮಳೆಗಾಲ ಬೇಕಾದವು. ಅಷ್ಟರಲ್ಲಿ ಇಂಗ್ಲೆಂಡಿನಿಂದ ಹಡಗಿಳಿದು ಒಬ್ಬ ಎಳೆಯ ದೊರೆ ಬಂದ. ಅವನಿಗೆ ಕೆಲಸ ಕಲಿಸುವುದು ತಾತನ ಪಾಲಿಗೆ ಬಂತು. ಕಲಿಸಿದರು. ಅವನು ತಾತನಿಗಿಂತ ಮೇಲೆ ಹೋದ. ಇನ್ನೊಬ್ಬ ಬಂದ. ಅವನಿಗೂ ಕಲಿಸಿದರು. ಅವನೂ ಮೇಲೆ ಹೋಗಿ, ಕಲಿಸಿದವರ ಬಗ್ಗೆಯೇ ಗುಪ್ತ ವರದಿ ಬರೆದ: ನಂಬಿಗಸ್ತ, ಶ್ರಮಜೀವಿ, ಈಗಿರುವ ಜಾಗಕ್ಕೆ ತಕ್ಕವನು. ಈ ಮೂರನೆಯ ಮಾತನ್ನು ನನ್ನ ಅಪ್ಪ ಹಲ್ಲು ಕಚ್ಚಿ ಹೇಳುತ್ತಿದ್ದರು. ಅತ್ತೆ ಅದನ್ನೇ ಬಿರುದು ಎಂಬಂತೆ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದು ದೊರೆಗಳು ಹಡಗು ಹತ್ತಿದ ಮೇಲಾದರೂ ಕುರ್ಚಿ ಸಿಗಬೇಕಿತ್ತು. ತಾತನ ಸೀನಿಯಾರಿಟಿಯ ಪ್ರಶ್ನೆ ಆ ಮೇಜಿನಿಂದ ಈ ಮೇಜಿಗೆ ಸುತ್ತಾಡಿತು. ಕೊನೆಗೆ ಬಡ್ತಿ ಬಂದಾಗ ನಿವೃತ್ತಿ ಬಾಗಿಲಲ್ಲಿ ನಿಂತಿತ್ತು. ಕುರ್ಚಿ ಬಿಸಿಯಾಗುವ ಮೊದಲೇ ಎದ್ದು ಬಂದರು.

ಭಾರತೀಯ ಇಂಜಿನಿಯರ್ ಟ್ರಾಲಿಯ ಮುಂದಿನ ಬೆಂಚಿನಲ್ಲಿ ಕೂರಬಾರದೆಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ದೊರೆ ಮೊದಲು ಕೂರುತ್ತಿದ್ದ. ಪಕ್ಕದಲ್ಲಿ ಅವನ ಟೋಪಿಯೋ ಕೋವಿಯೋ ನಾಯಿಯೋ ಕೂರುತ್ತಿತ್ತು. ಉಳಿದದ್ದು ಹಿಂದಿನ ಬೆಂಚು. ಟ್ರಾಲಿಮನ್‌ಗಳು ಹಳಿಯ ಮೇಲೆ ಬರಿಗಾಲಲ್ಲಿ ಓಡುತ್ತ ತಳ್ಳುತ್ತಿದ್ದರು. ಘಟ್ಟದ ತಿರುವುಗಳನ್ನೆಲ್ಲ ನನ್ನ ತಾತ ಹಿಂದುಹಿಂದಾಗಿ ಇಳಿದರು. ಮುಂದೆ ಏನು ಬರುತ್ತದೆ ಎನ್ನುವುದನ್ನು ದೊರೆ ನೋಡುತ್ತಿದ್ದ, ಬಿಟ್ಟುಬಂದದ್ದನ್ನು ತಾತ ನೋಡುತ್ತಿದ್ದರು.

ನಾನು ಕಂಡ ತಾತ ಮೈಸೂರಿನ ನಿವೃತ್ತ ಮುದುಕ. ಮುಂಗೋಪಿ. ನೆಲದ ಮೇಲೆ ಗೋಲಿ ಉರುಳಿಸಿ ಗಾರೆಯವನ ಕೆಲಸದ ಓರೆಕೋರೆ ಕಂಡುಹಿಡಿದು ಅವನ ಜನ್ಮ ಜಾಲಾಡುತ್ತಿದ್ದರು. ಅವರಿಗೊಂದು ವಿಚಿತ್ರ ಹಟವಿತ್ತು. ಟಾಂಗಾದಲ್ಲಿ ಹಿಂದೆ ಮುಖ ಮಾಡಿ ಕೂರುವ ಜಾಗದಲ್ಲಿ ಸತ್ತರೂ ಕೂರುತ್ತಿರಲಿಲ್ಲ. ಓಡಿಸುವವನ ಪಕ್ಕದಲ್ಲಿ ಜಾಗವಿದ್ದರೆ ಸರಿ, ಇಲ್ಲದಿದ್ದರೆ ನಮ್ಮನ್ನೆಲ್ಲ ಹತ್ತಿಸಿ ತಾವು ಹಿಂದೆ ನಡೆದು ಬರುತ್ತಿದ್ದರು. ಒಮ್ಮೆ ಬೆಂಗಳೂರಿನ ರೈಲಿನಲ್ಲಿ ನಮಗೆ ಹಿಮ್ಮುಖದ ಸೀಟು ಸಿಕ್ಕಿತು. ಎದುರಿನ ಕಿಟಕಿಯ ಪಕ್ಕ ಮಗು ಮಲಗಿಸಿಕೊಂಡು ಕೂತಿದ್ದವನನ್ನು ತಾತ "ಏಳಿ, ನಾನು ರೈಲ್ವೆ ಇಂಜಿನಿಯರು" ಎಂದು ಗದರಿದರು. ಆತ ಶಾಂತವಾಗಿ "ಯಜಮಾನ್ರೇ, ಎರಡು ಕಡೆ ಕೂತ್ರೂ ಬೆಂಗ್ಳೂರೇ ಬರೋದು" ಎಂದ. ಡಬ್ಬಿಯೆಲ್ಲ ನಕ್ಕಿತು. ತಾತ ಬೆಂಗಳೂರು ಬರುವವರೆಗೆ ಬಾಗಿಲ ಬಳಿ ಮುಂದೆ ಮುಖ ಮಾಡಿ ನಿಂತೇ ಇದ್ದರು. ನನಗೆ ನಾಚಿಕೆಯಿಂದ ಅಳು ಬಂದಿತ್ತು. ವಯಸ್ಸಾದ ಮೇಲೆ ಎಲ್ಲರಿಗೂ ಒಂದೊಂದು ಹುಚ್ಚು ಎಂದು ಮನೆಯವರು ಮಾತು ಮುಗಿಸಿದರು.

ನಾನೂ ಹಳಿಯ ಇಂಜಿನಿಯರೇ ಆದೆ. ಊರಿನಲ್ಲಿ ಒಂದಷ್ಟು ಕಾಲ ದುಡಿದು, ಇಲ್ಲಿ ಮೆಟ್ರೊ ಕೆಲಸ ಭರದಿಂದ ನಡೆಯುತ್ತಿದ್ದಾಗ ಹಳಿ ತಪಾಸಣೆಯ ಗುತ್ತಿಗೆ ಹಿಡಿದ ಒಂದು ಕಂಪನಿಗೆ ಸೇರಿದೆ. ಈ ಮರಳಿನಡಿ ಸುರಂಗದಲ್ಲಿ ನಾನು ಸವೆಸಿದ ಬೂಟುಗಳನ್ನು ಪೇರಿಸಿದರೆ ನನ್ನೆತ್ತರ ಬಂದೀತು. ನಮ್ಮ ವಿಭಾಗದ ಹಳೆಯ ಮುಖ್ಯಸ್ಥ ಐರ್ಲೆಂಡಿನವನು. ಅವನು ರಜೆಗೆ ಹೋದಾಗಲೆಲ್ಲ ವಿಭಾಗ ನನ್ನ ಹೆಗಲಿಗೆ. ಅವನು ನಿವೃತ್ತನಾದರೆ ಆ ಜಾಗ ನನ್ನದು ಎಂದು ನಾನೂ ಅಂದುಕೊಂಡಿದ್ದೆ, ಉಳಿದವರೂ ಅನ್ನುತ್ತಿದ್ದರು.

ಆ ನಡುವೆ ಇಂಗ್ಲೆಂಡಿನಿಂದ ಒಬ್ಬ ತರುಣ ಬಂದ. ಒಳ್ಳೆಯವನು, ಅದೇ ಕಷ್ಟ. ಸೊಕ್ಕಿನವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಓದಿದ್ದು ಬೇರೇನೋ, ಹಳಿಯ ಕೆಲಸ ಗೊತ್ತಿರಲಿಲ್ಲ. "ನಿಮ್ಮ ಜೊತೆ ಓಡಾಡಿ ಕಲಿಯಲಿ" ಎಂದರು ಮೇಲಿನವರು. ಕಲಿಸಿದೆ. ಯುಗಾದಿಗೆ ಮನೆಗೂ ಕರೆದೆ. ಹೋಳಿಗೆ ಬರುವವರೆಗೆ ಗೋಡೆ ನೋಡುತ್ತಿದ್ದವನು ಫೋಟೊದ ಮುಂದೆ ನಿಂತ. ನಾನು ಉತ್ಸಾಹದಿಂದ ತಾತನ ಕತೆ ಹೇಳಿದೆ. ಅವನು ಗಮನವಿಟ್ಟು ಕೇಳಿ, "ಇವರೇಕೆ ಹಿಂದೆ ನೋಡುತ್ತ ಕೂತಿದ್ದಾರೆ?" ಎಂದ.

"ಫೋಟೊದಲ್ಲಿ ಮುಖ ಬರಲಿ ಅಂತ" ಎಂದೆ. ಅತ್ತೆಯ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು.

ಅವನು ಇನ್ನಷ್ಟು ಹತ್ತಿರ ಹೋದ. "ಮುಂದೆ, ಪಕ್ಕದಲ್ಲಿರುವುದು ನಾಯಿ ಅಲ್ಲವೇ?"

"ಹೌದು."

ಅವನ ಕಿವಿ ಕೆಂಪಾಗಿತ್ತು. ನನ್ನ ಹೆಂಡತಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದಳು. ಅಷ್ಟು ವರ್ಷ ನಾನು ನೋಡುತ್ತ ಬಂದ ಫೋಟೊವನ್ನು ಒಬ್ಬ ಪರಕೀಯ ಒಂದೇ ನೋಟಕ್ಕೆ ಓದಿಬಿಟ್ಟಿದ್ದ.

ಐರ್ಲೆಂಡಿನವನು ನಿವೃತ್ತನಾದ. ನಾನು ಅರ್ಜಿ ಹಾಕಿದೆ. ಅತ್ತೆಗೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಸಂದರ್ಶನಕ್ಕೆ ಮೊದಲೇ ಅವರು ನೆಂಟರಿಷ್ಟರಿಗೆಲ್ಲ ಡಂಗುರ ಸಾರಿದ್ದರು. "ನಮ್ಮಪ್ಪನಿಗೆ ತಪ್ಪಿದ್ದು ನಿನಗೆ ಸಿಗತ್ತೆ ಕಣೋ. ನಾನು ಕಣ್ಣು ಮುಚ್ಚೋದ್ರೊಳಗೆ ಅದೊಂದು ಕೇಳ್ಬೇಕು" ಎಂದರು. ಆ ಮಾತು ಕೇಳಿದ ಮೇಲೆ ಆ ಕುರ್ಚಿ ಬರೀ ನನಗಾಗಿ ಬೇಕಿರಲಿಲ್ಲ.

ಸಂದರ್ಶನ ಚೆನ್ನಾಗಿಯೇ ಆಯಿತು. ಜೇಬಿನಲ್ಲಿ ನಿಂಬೆಹಣ್ಣಿತ್ತು. ಜನರಲ್ ಮ್ಯಾನೇಜರ್ ನನ್ನ ಕೆಲಸವನ್ನು ಹೊಗಳಿ ಹೊಗಳಿ ಕೊನೆಗೆ, "ನಿಮ್ಮನ್ನು ಸೈಟಿನಿಂದ ತೆಗೆದರೆ ಸೈಟು ಯಾರು ನೋಡುತ್ತಾರೆ?" ಎಂದ. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ. ನಾನು ಅತ್ತೆಯ ಸೋದರಳಿಯನಲ್ಲವೇ.

ವಿಷಯ ಮೊದಲು ಹೇಳಿದವರು ಎಚ್‌ಆರ್‌ನಲ್ಲಿರುವ ನನ್ನ ಸ್ನೇಹಿತರೊಬ್ಬರು. ಉಡುಪಿಯವರು, ಮುಐದರ್‌ನಲ್ಲಿ ಮನೆ. ಕ್ಯಾಂಟೀನಿನಲ್ಲಿ ನನ್ನ ಎದುರು ಚಹಾ ಇಟ್ಟು ಕೂತರು.

"ಖಲಾಸ್ ಮಾರಾಯ್ರೆ. ಆ ಹುಡುಗನ ಹೆಸರಿಗೇ ಆಯ್ತು."

"ಯಾಕಂತೆ?"

"ಕ್ಲೈಂಟಿನವರ ಎದುರು ಕೂರ್ಲಿಕ್ಕೆ ಅವನೇ ಒಳ್ಳೆದಂತೆ. ಪಾಸ್‌ಪೋರ್ಟಿನ ಬಣ್ಣ ನೋಡಿ ಕುರ್ಚಿ ಹಾಕುದು ಇಲ್ಲಿ ಇವತ್ತಿನ ಕತೆಯಾ? ನೀವು ಎಂತಕ್ಕೆ ಆಸೆ ಇಟ್ಕೊಂಡದ್ದು?"

"ಅವನಿಗೆ ಕೆಲಸ ಕಲಿಸಿದ್ದು ನಾನು."

"ಅದು ಫೈಲಿನಲ್ಲಿ ಉಂಟು. ಚಂದ ಮಾಡಿ ಕಲಿಸಿದ್ದಾರೆ ಅಂತ ಬರ್ದಿದ್ದಾರೆ" ಎಂದರು. ತಮಾಷೆಗೆ ಹೇಳಿದ್ದಲ್ಲ, ಅವರ ಕಣ್ಣಲ್ಲಿ ನೀರಿತ್ತು.

ಮಧ್ಯಾಹ್ನ ಆ ತರುಣನೇ ನನ್ನ ಮೇಜಿನ ಬಳಿ ಬಂದ. ತನಗೆ ಮುಜುಗರವಾಗುತ್ತಿದೆ, ಇದು ನ್ಯಾಯವಾಗಿ ನಿಮಗೆ ಸಿಗಬೇಕಿತ್ತು ಎಂದ. "ಹಾಗಾದರೆ ಬೇಡ ಎಂದು ಹೇಳಿಬಿಡು" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ನಕ್ಕು ನನ್ನ ಭುಜ ತಟ್ಟಿದ. ನಾನು ತಮಾಷೆ ಮಾಡುತ್ತಿದ್ದೇನೆ ಎಂದು ತಿಳಿದುಕೊಳ್ಳುವುದು ಇಬ್ಬರಿಗೂ ಅನುಕೂಲವಾಗಿತ್ತು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ಬಿಟ್ಟು ಹೋಗೋಣ" ಎಂದಳು ಹೆಂಡತಿ. ಎಲ್ಲಿಗೆ? ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ? ಕೆಲಸ ಬಿಟ್ಟ ದಿನದಿಂದ ನಮ್ಮೆಲ್ಲರ ವೀಸಾ ದಿನ ಎಣಿಸತೊಡಗುತ್ತದೆ, ಮಗಳ ಕಾಲೇಜು ನಡುನೀರಿನಲ್ಲಿ ನಿಲ್ಲುತ್ತದೆ. ಅವಳಿಗೂ ಅದು ಗೊತ್ತಿತ್ತು.

"ಅತ್ತೆಗಾದ್ರೂ ಹೇಳ್ಬಿಡಿ ಮತ್ತೆ. ದಿನಾ ಫೋನ್ ಮಾಡ್ತಾರೆ, ನಾನೆಷ್ಟು ಅಂತ ತಪ್ಪಿಸ್ಲಿ?"

"ಹೇಳ್ತೀನಿ" ಎಂದೆ. ಹೇಳಲಿಲ್ಲ. ನಾಳೆ ಎಂದುಕೊಂಡೆ, ಆಮೇಲೆ ಶುಕ್ರವಾರ ಎಂದುಕೊಂಡೆ.

ಹೊಸ ಮುಖ್ಯಸ್ಥನ ಮೊದಲ ತಪಾಸಣೆಯ ದಿನ ಬಂತು. ಹಳಿಯ ಮೇಲೆ ಓಡುವ ನಮ್ಮ ತಪಾಸಣೆ ಬಂಡಿಗೆ ಎರಡೂ ತುದಿಯಲ್ಲಿ ಗಾಜಿನ ಕೋಣೆಗಳಿವೆ. ಹಳೆಯ ಮುಖ್ಯಸ್ಥನಿದ್ದಾಗಲೂ ಇಲ್ಲದಾಗಲೂ ನಾನು ಕೂರುತ್ತಿದ್ದದ್ದು ಮುಂದಿನ ಕೋಣೆಯಲ್ಲೇ. ಅವತ್ತು ಹತ್ತಲು ಹೋದಾಗ ಚಾಲಕನ ಪಕ್ಕ ತರುಣ ಕೂತಿದ್ದ, ಅವನ ಹಿಂದೆ ಜನರಲ್ ಮ್ಯಾನೇಜರ್. ಉಳಿದ ಸೀಟಿನ ಮೇಲೆ, ಕೊನೆಯ ನಿಲ್ದಾಣದಲ್ಲಿ ಬರುವ ಅತಿಥಿಗಳಿಗೆಂದು ತಂದ ಸಿಹಿಯ ದೊಡ್ಡ ಪೆಟ್ಟಿಗೆ. ಅದನ್ನು ತೆಗೆಯಲು ಯಾರೂ ಕೈ ಚಾಚಲಿಲ್ಲ. ತೆಗೆಯಿರಿ ಎಂದು ನಾನೂ ಅನ್ನಲಿಲ್ಲ. "ಹಿಂದಿನ ಕೋಣೆಯಲ್ಲಿ ಅಳತೆಯ ಪರದೆ ನೋಡಿಕೊಳ್ಳಲು ನೀವೇ ಸರಿ" ಎಂದ ಜನರಲ್ ಮ್ಯಾನೇಜರ್. "ಯಲ್ಲಾ, ಹೊರಡು" ಎಂದು ಚಾಲಕನಿಗೆ ಕೈ ಬೀಸಿದ. ನಾಯಿ ಇರಲಿಲ್ಲ, ಪೆಟ್ಟಿಗೆ ಇತ್ತು. ಅಷ್ಟರ ಮಟ್ಟಿಗೆ ಕಾಲ ಮುಂದುವರಿದಿದೆ.

ಹಿಂದೆ ಹೋಗಿ ಕೂತೆ. ನಮ್ಮನ್ನು ಬೀಳ್ಕೊಡಲು ಡಿಪೋಗೆ ಬಂದಿದ್ದ ಉಡುಪಿಯ ಸ್ನೇಹಿತರು ಬಂಡಿಯ ಹಿಂದೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದರು. ಬೇಸರದಲ್ಲಿದ್ದವನಿಗೆ ಸ್ವಲ್ಪ ಖುಷಿಯಾಗಲಿ ಎಂದು ಪಾಪ.

ಬಂಡಿ ಸುರಂಗಕ್ಕೆ ಇಳಿಯಿತು. ದೀಪಗಳು ನನ್ನಿಂದ ದೂರ ದೂರ ಓಡತೊಡಗಿದವು. ನಾನು ಹತ್ತಾರು ಸಲ ಅಳೆದ ಅದೇ ಹಳಿ. ಆದರೆ ತಿರುವು ಯಾವಾಗ ಬರುತ್ತದೆಂದು ಕಣ್ಣಿಗೆ ಮೊದಲೇ ಕಾಣುತ್ತಿರಲಿಲ್ಲ. ಮೈ ವಾಲಿದ ಮೇಲೆ ತಿಳಿಯುತ್ತಿತ್ತು. ಎರಡನೆಯ ತಿರುವಿಗೆ ಹೊಟ್ಟೆ ತೊಳಸಿತು. ಮೂರನೆಯದಕ್ಕೆ ಬಾಯಲ್ಲಿ ನೀರೂರಿ, ಹಣೆ ತಣ್ಣಗಾಯಿತು. ಇನ್ನೇನು ವಾಂತಿ ಬಂತು ಎನ್ನುವಾಗ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದು ನಿಂಬೆಹಣ್ಣು. ಬೆಳಿಗ್ಗೆ ಹೆಂಡತಿ ರೂಢಿಯಂತೆ ಹಾಕಿದ್ದಳು. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದೆ. ಹೊಟ್ಟೆ ನಿಧಾನವಾಗಿ ಸುಮ್ಮನಾಯಿತು.

ಆಗ ತಿಳಿಯಿತು. ಜೇಬಿನೊಳಗೆ ತಾತನ ಬಲಗೈ ಏನು ಮಾಡುತ್ತಿತ್ತೆಂದು ತಿಳಿಯಿತು. ಅರ್ಧ ದಾರಿಯಿಂದ ಆಳನ್ನು ಯಾಕೆ ಓಡಿಸಿದರೆಂದು, ಟಾಂಗಾದ ಹಿಂದೆ ಯಾಕೆ ನಡೆದರೆಂದು, ಬೆಂಗಳೂರಿನವರೆಗೆ ಬಾಗಿಲಲ್ಲಿ ಯಾಕೆ ನಿಂತರೆಂದು ತಿಳಿಯಿತು. ಶುಭವೂ ಅಲ್ಲ, ಮಹಿಮೆಯೂ ಅಲ್ಲ. ಹಿಮ್ಮುಖ ಕೂತು ಘಟ್ಟ ಇಳಿಯುವಾಗ ದೊರೆಯ ಬೆನ್ನ ಹಿಂದೆ ವಾಂತಿ ಮಾಡಿಕೊಳ್ಳಬಾರದೆಂದು ಒಬ್ಬ ಇಂಜಿನಿಯರು ನಿಂಬೆಹಣ್ಣು ಮೂಸುತ್ತಿದ್ದ. ನಾವು ಅದನ್ನು ತಾತನ ಫೋಟೊದ ಮುಂದಿಟ್ಟು ಪೂಜೆ ಮಾಡುತ್ತಿದ್ದೇವೆ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಅದೂ ತಾತನ ಮೇಲೆ. ಒಂದು ಮಾತು ಹೇಳಬಾರದಿತ್ತೇ? ಮಕ್ಕಳನ್ನು ಕೂರಿಸಿಕೊಂಡು, ಇದು ಮರ್ಯಾದೆಯ ಸೀಟಲ್ಲ, ನೀವ್ಯಾರೂ ಇಲ್ಲಿ ಕೂರಬೇಡಿ ಎಂದು ಒಮ್ಮೆಯಾದರೂ ಹೇಳಬಾರದಿತ್ತೇ?

ಸಂಜೆ ಮನೆಗೆ ಬಂದರೆ ಹೆಂಡತಿಯ ಮುಖ ಸಪ್ಪಗಿತ್ತು. ಉಡುಪಿಯ ಸ್ನೇಹಿತರು ಫೋಟೊವನ್ನು ನನಗೆ ಕಳಿಸಿದ್ದರು, ಅವಳಿಗೂ ಕಳಿಸಿದ್ದರು. "ನಿಮ್ಮವರ ಮುಖ ಎಷ್ಟು ಲಾಯ್ಕ ಬಂದಿದೆ ನೋಡಿ" ಎಂಬ ಒಕ್ಕಣೆ ಬೇರೆ. ಮಗಳು ಅದನ್ನು ಯೋಚನೆ ಮಾಡದೆ ನಮ್ಮ ಬಂಧುಗಳ ಗುಂಪಿಗೆ ಹಾಕಿಬಿಟ್ಟಿದ್ದಳು. ಗಾಜಿನ ಹಿಂದೆ ನಾನು ನೇರವಾಗಿ ಕೂತಿದ್ದೇನೆ. ದೂರದಲ್ಲಿ, ಮುಂದಿನ ಕೋಣೆಯಲ್ಲಿ, ಇಬ್ಬರ ಬೆನ್ನು. ಕೆಳಗೆ, ಕುರ್ಚಿ ನನಗೇ ಸಿಕ್ಕಿತೆಂದು ತಿಳಿದ ಬಂಧುಗಳ ಕೈ ಮುಗಿದ ಚಿತ್ರಗಳು, ಹೂಗುಚ್ಛಗಳು, ಅಭಿನಂದನೆಗಳು ಸಾಲುಗಟ್ಟಿದ್ದವು.

ಫೋನು ಬಂತು. ಅತ್ತೆ ಅಳುತ್ತಿದ್ದರು.

"ನೋಡ್ದೆ ಕಣೋ, ನೋಡ್ದೆ. ದೊಡ್ಡದು ಮಾಡಿ ತೋರ್ಸಿದ್ರು. ಬಿಳಿಯರಿಗೆ ಬೆನ್ನು, ನಿನಗೆ ಮುಖ. ಥೇಟ್ ನಮ್ಮಪ್ಪ ಕೂತಿದ್ದ ಹಾಗೇ ಕೂತಿದ್ದೀಯ!"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಹೇಳಿ ಎಂದು ಕಣ್ಣಲ್ಲೇ ಅಂದಳು.

"ಮಾತಾಡೋ. ನಿಂಬೆಹಣ್ಣು ಜೇಬಲ್ಲಿತ್ತು ತಾನೇ?"

ಬಾಯಿ ತೆರೆದೆ. ಆ ಮುದುಕಿಯ ಸಂತೋಷದ ಅಳು ಕಿವಿ ತುಂಬಿತ್ತು. ತಾತ ಒಂದು ಮಾತೂ ಹೇಳದೆ ಯಾಕೆ ಸತ್ತರೆಂದು ಆಗ ಗೊತ್ತಾಯಿತು.

"ಇತ್ತು ಅತ್ತೆ."

"ನೋಡು. ಅದಕ್ಕೇ ಎಲ್ಲ ನೆಟ್ಟಗಾಯ್ತು."

"ಹೌದು ಅತ್ತೆ" ಎಂದೆ.

ಮರುದಿನ ಮತ್ತೆ ತಪಾಸಣೆ ಇತ್ತು. ಮನೆಯಲ್ಲಿ ನಿಂಬೆಹಣ್ಣು ಮುಗಿದಿತ್ತು. ಇಳಿದು ಹೋಗಿ, ಬೀದಿಯ ಕೊನೆಯ ಅಂಗಡಿಯಿಂದ ಒಂದು ಚೀಲ ತುಂಬ ತಂದಿಟ್ಟೆ.